ಓದಿ ಸುಮ್ಮನಿರುವವರನ್ನು ಗುಂಪಿನಿಂದ ತೆಗೆಯಬೇಕೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಬೆಳೆಗಾರ. 2019ರಲ್ಲಿ ಸುತ್ತಲಿನ ಹನ್ನೊಂದು ಊರುಗಳ ಬೆಳೆಗಾರರನ್ನು ಸೇರಿಸಿ ವಾಟ್ಸಾಪ್ ಗುಂಪು ಮಾಡಿದೆ. ಮೊದಮೊದಲು ಎಲ್ಲರೂ ಮಾತನಾಡುತ್ತಿದ್ದರು. ಈಗ 612 ಜನರಿದ್ದಾರೆ. ಸೆಪ್ಟೆಂಬರಿನಲ್ಲಿ ಎಣಿಸಿ ನೋಡಿದರೆ ಇಡೀ ತಿಂಗಳಲ್ಲಿ ಏನಾದರೂ ಬರೆದವರು 24 ಮಂದಿ ಮಾತ್ರ. ಆ 24 ಮಂದಿಗೆ ಸಿಟ್ಟು ಬಂದಿದೆ. 'ನಾವು ಕೈ ಸುಟ್ಟುಕೊಂಡು ಕಲಿತದ್ದನ್ನು ಹೇಳುವುದು, ಅವರು ಕೂತು ಓದುವುದು. ಅವರಲ್ಲಿ ದಲಾಲರ ಕಡೆಯವರೂ ಇದ್ದಾರೆ, ನಮ್ಮ ಮಾಲು ಯಾವಾಗ ಬರುತ್ತದೆಂದು ತಿಳಿದುಕೊಳ್ಳುತ್ತಾರೆ' ಎನ್ನುತ್ತಾರೆ. ಅವರ ಒತ್ತಾಯಕ್ಕೆ, ಒಮ್ಮೆಯೂ ಬರೆಯದ 38 ಜನರನ್ನು ತೆಗೆದೆ. ಮಾರನೆಯ ದಿನವೇ ಇಬ್ಬರು ಮನೆಗೆ ಬಂದು 'ನಮ್ಮಿಂದ ಏನು ತಪ್ಪಾಯಿತು' ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಉಳಿದವರನ್ನೂ ತೆಗೆಯಬೇಕೋ, ತಿಂಗಳಿಗೆ ಒಂದಾದರೂ ಮೆಸೇಜ್ ಹಾಕಬೇಕೆಂದು ನಿಯಮ ಮಾಡಬೇಕೋ, ಇಲ್ಲ ಗುಂಪನ್ನೇ ಮುಚ್ಚಬೇಕೋ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆಗಳು ಒಂದೇ ಹಗ್ಗವಾಗಿ ಹೊಸೆದುಕೊಂಡಿವೆ. ಕೊಡುವವರು ಕೆಲವರು, ಪಡೆಯುವವರು ಹಲವರು, ಇದು ಅನ್ಯಾಯ ಎಂಬುದು ಮೊದಲನೆಯದು. ಸುಮ್ಮನಿರುವವರಲ್ಲಿ ಬೇಹಿನವರಿದ್ದಾರೆ ಎಂಬುದು ಎರಡನೆಯದು. ಮೂರನೆಯದನ್ನು ನೀವು ನೇರವಾಗಿ ಬರೆದಿಲ್ಲ. ಆದರೆ ಕೆಲಸ ಬಿಟ್ಟು ಕುಳಿತು ತಲೆ ಎಣಿಸಿದ್ದೀರೆಂದರೆ, ಇಷ್ಟು ವರ್ಷ ಸಾಕಿದ ಗುಂಪು ಕೈಬಿಟ್ಟು ಹೋಗುತ್ತಿದೆಯೇ ಎಂಬ ಅಳುಕು ನಿಮಗಿದೆ ಎಂದುಕೊಳ್ಳುತ್ತೇನೆ. ಧಾರವಾಡದಲ್ಲಿ ಕೃಷಿ ವಿಸ್ತರಣೆಯನ್ನು ಕಲಿಸುತ್ತ, ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ರೈತರ ಇಂಥ ಹಲವು ಗುಂಪುಗಳಲ್ಲಿ ವರ್ಷಗಟ್ಟಲೆ ಇದ್ದವನು ನಾನು. ಹೆಚ್ಚಿನವುಗಳಲ್ಲಿ ನಾನೂ ಓದಿ ಸುಮ್ಮನಿರುವವನೇ. ನನ್ನ ಅನುಭವದಲ್ಲಿ ನಿಮ್ಮ ಮೂರನೆಯ ಅಳುಕಿಗೆ ಆಧಾರವಿಲ್ಲ. ಎರಡನೆಯದಕ್ಕೆ ಅಲ್ಪಸ್ವಲ್ಪ ಇರಬಹುದು, ಆದರೆ ಅದಕ್ಕೆ ಮದ್ದು ಬೇರೆ. ಮೊದಲನೆಯದು ಅರ್ಧ ನಿಜ, ಆ ಅರ್ಧದ ಬಗ್ಗೆಯೇ ನಾವು ಹೆಚ್ಚು ಯೋಚಿಸಬೇಕಾದದ್ದು.

ಮೊದಲು ಲೆಕ್ಕ. 612ರಲ್ಲಿ 24 ಎಂದರೆ ನೂರಕ್ಕೆ ನಾಲ್ಕು. ನಿಮಗೆ ಇದು ಅವಮಾನದಂತೆ ಕಂಡಿದೆ, ಆದರೆ ಎಲ್ಲ ದೇಶಗಳ ಆನ್‌ಲೈನ್ ಗುಂಪುಗಳಲ್ಲೂ ಇದಕ್ಕೆ ಹತ್ತಿರದ ಚಿತ್ರವೇ ಕಾಣುತ್ತದೆ. ಜೇಕಬ್ ನೀಲ್ಸನ್ ಎಂಬ ತಜ್ಞರು 2006ರಲ್ಲಿ ಒಂದು ಅಂದಾಜು ಸೂತ್ರ ಕೊಟ್ಟರು: ನೂರು ಜನರಲ್ಲಿ 90 ಮಂದಿ ಓದುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಒಬ್ಬನು ಬಹುಪಾಲು ಬರೆಯುತ್ತಾನೆ. ಇದು ಅಂದಾಜು, ಕಟ್ಟಳೆಯಲ್ಲ. ಅದಕ್ಕೂ ಮೊದಲು, 2000ದಲ್ಲಿ, ಬ್ಲೇರ್ ನೊನ್ನೆಕ್ ಮತ್ತು ಜೆನ್ನಿ ಪ್ರೀಸ್ ಎಂಬ ಸಂಶೋಧಕರು ಇಮೇಲ್ ಚರ್ಚಾಗುಂಪುಗಳನ್ನು ಹನ್ನೆರಡು ವಾರ ಗಮನಿಸಿ ಎಣಿಸಿದ್ದರು. ಕಾಯಿಲೆಯವರು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪುಗಳಲ್ಲಿ ಒಂದೂ ಸಂದೇಶ ಬರೆಯದವರು ಸರಾಸರಿ ನೂರಕ್ಕೆ 46, ಸಾಫ್ಟ್‌ವೇರ್ ತೊಂದರೆಗಳ ಗುಂಪುಗಳಲ್ಲಿ ನೂರಕ್ಕೆ 82. ಒಂದೊಂದೇ ಗುಂಪನ್ನು ನೋಡಿದರೆ ಈ ಪ್ರಮಾಣ ಸೊನ್ನೆಯಿಂದ 99ರವರೆಗೂ ಇತ್ತು. ನೋವನ್ನು ಹೇಳಿಕೊಳ್ಳುವ ಜಾಗದಲ್ಲಿ ಜನ ಬಾಯಿಬಿಡುತ್ತಾರೆ. ಒಬ್ಬನು ಕೇಳಿ ಇನ್ನೊಬ್ಬನು ಉತ್ತರಿಸಿದರೆ ನೂರು ಜನರ ಕೆಲಸ ಮುಗಿಯುವ ಜಾಗದಲ್ಲಿ ಓದಿ ಮುಂದೆ ಹೋಗುತ್ತಾರೆ. ನಿಮ್ಮ ಗುಂಪು ಬಹುಮಟ್ಟಿಗೆ ಎರಡನೆಯ ಬಗೆಯದು. ಎಲೆ ಮುಟುರು ರೋಗಕ್ಕೆ ಏನು ಮಾಡಬೇಕೆಂದು ಒಬ್ಬರು ಕೇಳಿ ಸರಿಯಾದ ಉತ್ತರ ಬಂದ ಮೇಲೆ, ಅದೇ ಪ್ರಶ್ನೆಯನ್ನು ಇನ್ನೂ ಮುನ್ನೂರು ಜನ ಕೇಳಲಿಲ್ಲವೆಂದು ಬೇಸರಪಡಲು ಕಾರಣವಿಲ್ಲ.

ನೀವು ಎಣಿಸಿದ ತಿಂಗಳಿನ ಬಗ್ಗೆಯೂ ನನಗೆ ತಕರಾರಿದೆ. ಸೆಪ್ಟೆಂಬರಿನಲ್ಲಿ ಸಸಿ ಹೊಲದಲ್ಲಿರುತ್ತದೆ, ಮಾತೆಲ್ಲ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದರ ಸುತ್ತ ನಡೆಯುತ್ತದೆ, ಕೀಟ ರೋಗ ಬಲ್ಲವರೇ ಮಾತನಾಡುತ್ತಾರೆ. ಬ್ಯಾಡಗಿ ಮಾರುಕಟ್ಟೆಗೆ ಮಾಲು ಹೋಗಲು ಶುರುವಾಗುವ ಜನವರಿಯ ಹೊತ್ತಿಗೆ, ಅಲ್ಲಿಯವರೆಗೆ ಸುಮ್ಮನಿದ್ದ ಡಬ್ಬಿ, ಕಡ್ಡಿ ತಳಿಗಳ ಬೆಳೆಗಾರನು ದರದ ಬಗ್ಗೆ ಬರೆಯತೊಡಗುತ್ತಾನೆ. ಒಂದು ತಿಂಗಳ ಎಣಿಕೆಯಿಂದ ಯಾರನ್ನೂ ಮೂಕರೆಂದು ಗುರುತಿಸಲಾಗದು. ವರ್ಷದ ಎಣಿಕೆ ಬೇಕು.

ಮೊದಲು ಎಲ್ಲರೂ ಮಾತನಾಡುತ್ತಿದ್ದರು ಎಂದಿದ್ದೀರಿ. ಆಗ ಗುಂಪು ಚಿಕ್ಕದಿತ್ತು. ನೀವು ಶುರು ಮಾಡಿದಾಗ ವಾಟ್ಸಾಪ್ ಗುಂಪಿಗೆ 256 ಜನರ ಮಿತಿ ಇತ್ತು. 2022ರಲ್ಲಿ ಅದು ಮೊದಲು 512ಕ್ಕೆ, ಅದೇ ವರ್ಷದ ಕೊನೆಗೆ 1,024ಕ್ಕೆ ಏರಿತು. ಮಿತಿ ಏರಿದಂತೆ ನೀವೂ ಸೇರಿಸುತ್ತ ಹೋದಿರಿ. ಗುರುತಿನ ಅರವತ್ತು ಜನರೆದುರು ಮಾತನಾಡುವವನು ಗುರುತಿಲ್ಲದ ಆರುನೂರು ಜನರೆದುರು ಬಾಯಿ ಕಟ್ಟಿಕೊಳ್ಳುವುದು ಸಹಜ. ಇನ್ನು 612 ಮಂದಿಯೂ ದಿನಕ್ಕೊಂದು ಮೆಸೇಜ್ ಹಾಕಿದರೆಂದು ಭಾವಿಸೋಣ. ಒಂದನ್ನು ಓದಲು ಹತ್ತು ಸೆಕೆಂಡು ಹಿಡಿದರೂ ದಿನಕ್ಕೆ ಒಂದು ಗಂಟೆ ನಲವತ್ತೆರಡು ನಿಮಿಷ ಬೇಕು. ಆ ಗುಂಪನ್ನು ಮೊದಲು ಬಿಟ್ಟು ಹೋಗುವವರು ಆ 24 ಜನರೇ.

ಈಗ ಜನ ಏಕೆ ಸುಮ್ಮನಿರುತ್ತಾರೆ ಎಂಬುದಕ್ಕೆ ಬರೋಣ. ಇಂಗ್ಲಿಷಿನಲ್ಲಿ ಇವರಿಗೆ 'ಲರ್ಕರ್' ಎನ್ನುತ್ತಾರೆ, ಹೊಂಚು ಹಾಕುವವನು ಎಂಬ ವಾಸನೆಯ ಪದ. ಹೆಸರಿಟ್ಟವರೇ ಗುಮಾನಿಯಿಂದ ಇಟ್ಟಿದ್ದಾರೆ. ಪ್ರೀಸ್, ನೊನ್ನೆಕ್ ಮತ್ತು ಅವರ ಸಂಗಡಿಗರೊಬ್ಬರು ಸುಮ್ಮನಿರುವವರನ್ನೇ ಕೇಳಿ 2004ರಲ್ಲಿ ಪ್ರಕಟಿಸಿದ ಕಾರಣಗಳು ಹೀಗಿದ್ದವು: ಓದಿದರೆ ಸಾಕಾದ್ದರಿಂದ ಬರೆಯುವ ಅಗತ್ಯ ಬೀಳಲಿಲ್ಲ, ಗುಂಪಿನ ರೀತಿನೀತಿ ಇನ್ನೂ ತಿಳಿಯಬೇಕಿತ್ತು, ಹೇಳಲು ಹೊಸದೇನೂ ಇಲ್ಲದಾಗ ಸುಮ್ಮನಿರುವುದೇ ಉಪಕಾರವೆಂದು ತಿಳಿದೆವು, ಬರೆಯುವ ವಿಧಾನ ಕೈಗೆ ಹತ್ತಲಿಲ್ಲ, ಗುಂಪಿನ ನಡವಳಿಕೆ ಹಿಡಿಸಲಿಲ್ಲ. ಐದರಲ್ಲಿ ಎಲ್ಲಿಯೂ ಕಳ್ಳತನದ ಸುಳಿವಿಲ್ಲ. ಕೂರಿಗೆ ಹೊಡೆಯುವುದನ್ನು ಕಲಿಯುವ ಹುಡುಗ ಮೊದಲ ಹಂಗಾಮು ಹಿರಿಯರ ಹಿಂದೆ ಹಿಂದೆ ನಡೆಯುತ್ತಾನೆಯೇ ಹೊರತು ತಾನೇ ಮೇಣಿ ಹಿಡಿಯುವುದಿಲ್ಲ. ಅವನನ್ನು ಹೊಲದಿಂದ ಅಟ್ಟುವವರನ್ನು ನಾನು ಕಂಡಿಲ್ಲ.

ಆ ಐದು ಕಾರಣಗಳಿಗೆ ನಮ್ಮ ಕಡೆಯ ಕೆಲವನ್ನು ಸೇರಿಸಬೇಕು. ಕೆಲವು ವರ್ಷಗಳ ಹಿಂದೆ ಗದಗ ಜಿಲ್ಲೆಯ ಒಂದು ಊರಿಗೆ ತರಬೇತಿಗೆಂದು ಹೋಗಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಹಿರಿಯರೊಬ್ಬರು ಅಂಗಿಯ ಒಳಕಿಸೆಯಿಂದ ಶಾಲೆಯ ನೋಟುಬುಕ್ಕಿನಿಂದ ಹರಿದ, ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದರು. ಅದರಲ್ಲಿ ನಮ್ಮ ಗುಂಪಿಗೆ ಬಂದ ಎರಡು ತಿಂಗಳ ಸಲಹೆಗಳು ತಾರೀಖಿನ ಸಮೇತ ದುಂಡನೆಯ ಅಕ್ಷರದಲ್ಲಿ ಇಳಿದಿದ್ದವು. ಕೆಲವು ಸಾಲಿನ ಮುಂದೆ ಕೆಂಪು ಶಾಯಿಯ ಅಡ್ಡಗೆರೆ, ಅಂದರೆ ಆ ಕೆಲಸ ಆಯಿತೆಂದು. 'ನನಗ ಓದಾಕ ಬರತೈತ್ರಿ ಸರ, ಬರಿಯಾಕ ಬಳ್ಳು ಆಡಂಗಿಲ್ಲ. ಮೊಮ್ಮಗಳು ಬರದ ಕೊಡತಾಳ್ರಿ' ಎಂದರು. ಗುಂಪಿನ ಪಟ್ಟಿಯಲ್ಲಿದ್ದದ್ದು ಅವರ ಮಗನ ನಂಬರು. ನಾನು ಆ ನಂಬರನ್ನು ಎಂದೂ ಗಮನಿಸಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಒಂದು ನಂಬರಿನ ಹಿಂದೆ ಒಬ್ಬ ವ್ಯಕ್ತಿಗಿಂತ ಒಂದು ಮನೆ ಇರುವುದೇ ಹೆಚ್ಚು, ಕೆಲವೊಮ್ಮೆ ಒಂದು ಓಣಿಯೇ ಇರುತ್ತದೆ. ಓದಿದ್ದು ಚಹಾದಂಗಡಿಯಲ್ಲಿ, ಗುಡಿಯ ಕಟ್ಟೆಯ ಮೇಲೆ ಮಾತಾಗುತ್ತದೆ. ಆ ಮಾತು ನಿಮ್ಮ ಪರದೆಯ ಮೇಲೆ ಕಾಣುವುದಿಲ್ಲ ಅಷ್ಟೇ.

ಹೆಣ್ಣುಮಕ್ಕಳ ಮೌನಕ್ಕೆ ಬೇರೆಯೇ ಕಾರಣವಿದೆ. ಗುಂಪಿನಲ್ಲಿ ಒಮ್ಮೆ ಪ್ರಶ್ನೆ ಕೇಳಿದರೆ ಅವರ ನಂಬರು ಆರುನೂರು ಜನರ ಕಣ್ಣಿಗೆ ಬೀಳುತ್ತದೆ. ಅನಂತರ ಗೊತ್ತಿಲ್ಲದ ಗಂಡಸರ ಕರೆಗಳು ಬಂದದ್ದನ್ನು ಒಬ್ಬಿಬ್ಬರಲ್ಲ, ಹಲವರು ನನ್ನ ಬಳಿ ಹೇಳಿಕೊಂಡಿದ್ದಾರೆ. ಕೂಲಿಯಾಳು ಹಚ್ಚುವುದರಿಂದ ಕಾಯಿ ಆರಿಸುವವರೆಗೆ ಹೊಲದ ಅರ್ಧ ನಿರ್ಧಾರ ಅವರದೇ ಆದರೂ ಗುಂಪಿನಲ್ಲಿ ಅವರ ದನಿಯಿಲ್ಲ.

ಇನ್ನೊಂದು ಕಾರಣವನ್ನು ನೀವೇ ಪತ್ತೆ ಮಾಡಬಹುದು, ದಯವಿಟ್ಟು ಮಾಡಿ. ಗುಂಪಿನಲ್ಲಿ ಒಂದೇ ಒಂದು ಸಲ ಬರೆದು ಆಮೇಲೆ ನಿಂತುಹೋದವರನ್ನು ಹುಡುಕಿ, ಅವರ ಆ ಮೆಸೇಜಿಗೆ ಏನು ಉತ್ತರ ಬಂದಿತ್ತೆಂದು ನೋಡಿ. ನಾನು ಒಂದು ಗುಂಪಿನಲ್ಲಿ ಹೀಗೆ ಹಿಂದಕ್ಕೆ ಹೋಗಿ ನೋಡಿದ್ದೆ. ಯುವಕನೊಬ್ಬ 'ಎಲಿ ಮ್ಯಾಲ ಮುಟುರ್ಯಾವ್ರಿ, ಏನ ಹೊಡೀಬೇಕ' ಎಂದು ಫೋಟೋ ಸಮೇತ ಕೇಳಿದ್ದ. ಅದರ ಕೆಳಗೆ ಮೂರು ನಗುವ ಮುಖಗಳು, 'ಇಷ್ಟೂ ಗೊತ್ತಿಲ್ಲೇನೋ ತಮ್ಮಾ' ಎಂಬ ಒಂದು ಮಾತು, ಆಮೇಲೆ ಯಾರದೋ ಶುಭೋದಯದ ಗುಲಾಬಿ. ಎಲೆ ಮೇಲಕ್ಕೆ ಮುಟುರಿದರೆ ಥ್ರಿಪ್ಸ್ ಕೀಟ, ಕೆಳಕ್ಕೆ ಮುಟುರಿದರೆ ಮೈಟ್ ನುಸಿ ಎಂಬ ವ್ಯತ್ಯಾಸದ ಮೇಲೆ ಔಷಧಿಯೇ ಬೇರೆಯಾಗುತ್ತದೆ, ಅಂದರೆ ಹುಡುಗ ಸರಿಯಾದದ್ದನ್ನೇ ಗಮನಿಸಿ ಸರಿಯಾಗಿಯೇ ಕೇಳಿದ್ದ. ಅವನು ಮತ್ತೆ ಬರೆಯಲಿಲ್ಲ. ಅದನ್ನು ನೋಡಿದ ಇನ್ನೆಷ್ಟು ಜನ ತಮ್ಮ ಪ್ರಶ್ನೆಯನ್ನು ನುಂಗಿಕೊಂಡರೋ, ಅದಕ್ಕೆ ಲೆಕ್ಕವಿಲ್ಲ. ನಿಮ್ಮ 24 ಜನರ ಅನುಭವಕ್ಕೆ ಬೆಲೆಯಿದೆ, ಅವರ ನಾಲಿಗೆಯ ಬಗ್ಗೆ ಮಾತ್ರ ಒಮ್ಮೆ ವಿಚಾರಿಸಿಕೊಳ್ಳಿ.

ದಲಾಲರ ವಿಷಯ ಬೇಗ ಮುಗಿಸುತ್ತೇನೆ. ಬೇಹು ಮಾಡಲೆಂದೇ ಬಂದವನಿಗೆ ದಿನಕ್ಕೊಂದು ಗುಡ್ ಮಾರ್ನಿಂಗ್ ಕಳಿಸುವುದು ಕಷ್ಟವಲ್ಲ. ಮಾತನಾಡಲೇಬೇಕೆಂಬ ನಿಯಮ ಮಾಡಿದರೆ ಅವನು ಉಳಿಯುತ್ತಾನೆ, ಮೊಮ್ಮಗಳಿಂದ ಬರೆಸಿಕೊಳ್ಳುವ ಅಜ್ಜ ಹೊರಗೆ ಬೀಳುತ್ತಾನೆ. ಮಾರುಕಟ್ಟೆಯ ಆವಕ ಮತ್ತು ದರ ಎಪಿಎಂಸಿಯೇ ಪ್ರಕಟಿಸುವ ಮಾಹಿತಿ, ಅದರಲ್ಲಿ ಗುಟ್ಟಿಲ್ಲ. ಯಾರ ಹೊಲದಲ್ಲಿ ಎಷ್ಟು ಚೀಲ, ಯಾರಿಗೆ ಸಾಲದ ಅವಸರ ಎಂಬಂಥ ವಿವರ ಹೊರಗೆ ಹೋಗಬಾರದೆಂದಿದ್ದರೆ ಅದನ್ನು ಆರುನೂರು ಜನರ ಗುಂಪಿನಲ್ಲಿ ಬರೆಯಲೇಬೇಡಿ. ಗುಂಪಿನಲ್ಲಿರುವವರು ಯಾರೆಂಬುದನ್ನು ಸೇರಿಸುವಾಗ ಹೆಸರು, ಊರು, ಪರಿಚಯದವರೊಬ್ಬರ ಮಾತು ಕೇಳಿ ಖಾತ್ರಿ ಮಾಡಿಕೊಳ್ಳಿ. ಅವರು ಎಷ್ಟು ಮಾತನಾಡುತ್ತಾರೆ ಎಂಬುದರಿಂದ ಅದು ತಿಳಿಯುವುದಿಲ್ಲ.

ಇನ್ನು ಅರ್ಧ ನಿಜ ಎಂದೆನಲ್ಲ, ಅದು. ಸುಮ್ಮನಿರುವವರು ಏನನ್ನೂ ಕದಿಯುತ್ತಿಲ್ಲ, ಆದರೆ ಅವರ ಮೌನದಿಂದ ಗುಂಪಿಗೆ ತಪ್ಪು ತಿಳಿವಳಿಕೆ ಬರುವ ಅಪಾಯ ಖಂಡಿತ ಇದೆ. ಒಂದು ಹೊಸ ಔಷಧಿ ಹೊಡೆದು ಗುಣ ಕಂಡವರು ಸಂಭ್ರಮದಿಂದ ಬರೆಯುತ್ತಾರೆ. ಹೊಡೆದು ದುಡ್ಡು ಕಳೆದುಕೊಂಡವರು ನಾಚಿಕೆಯಿಂದ ಬಾಯಿ ಮುಚ್ಚುತ್ತಾರೆ. ಒಂಬತ್ತು ಜನರ ಹೊಗಳಿಕೆಯನ್ನು ನೋಡಿ ಉಳಿದವರು ಗೊಬ್ಬರದ ಅಂಗಡಿಗೆ ಓಡುತ್ತಾರೆ. ಬರೆಯುವವರಲ್ಲಿ ಬೋರ್‌ವೆಲ್ ಇದ್ದವರು, ಓದಿದವರು, ಬಿಡುವಿದ್ದವರು ಹೆಚ್ಚಿರುತ್ತಾರೆ. ಮಳೆಯನ್ನೇ ನಂಬಿದ ಎರಿಹೊಲದವರ ಅನುಭವ ಅಲ್ಲಿ ಬರುವುದೇ ಇಲ್ಲ, ಆದರೆ ಸಲಹೆ ಮಾತ್ರ ಎಲ್ಲರಿಗೂ ಒಂದೇ. ನಾನೂ ಈ ಹಳ್ಳಕ್ಕೆ ಬಿದ್ದವನೇ. ಒಂದು ಗುಂಪಿನಲ್ಲಿ 'ಬರುವ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ಷೇತ್ರ ಭೇಟಿ ಆಗಬಹುದೇ' ಎಂದು ಕೇಳಿದ್ದೆ. ಹತ್ತು ಜನ ಒಪ್ಪಿದರು, ಯಾರೂ ಬೇಡವೆನ್ನಲಿಲ್ಲ. ಮೌನವನ್ನು ಸಮ್ಮತಿಯೆಂದು ತಿಳಿದು ಇನ್ನೂರು ಜನರಿಗೆ ಉಪ್ಪಿಟ್ಟು ಮಾಡಿಸಿದೆ. ಬಂದವರು ಹದಿನೇಳು. ಮಂಗಳವಾರ ಆ ಊರಿನ ಸಂತೆ. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು, ಸಾಹೇಬರು ತಾರೀಖು ಹೇಳಿದ ಮೇಲೆ ಅಡ್ಡ ಮಾತೇಕೆಂದು, ಒಬ್ಬರೂ ಹೇಳಿರಲಿಲ್ಲ.

ಸುಮ್ಮನಿರುವವರಿಗೂ ಇದರಿಂದ ನಷ್ಟವಿದೆ ಎಂಬುದನ್ನು ಮುಚ್ಚಿಡಬಾರದು. ಆಗಲೇ ಹೇಳಿದ 2004ರ ಅಧ್ಯಯನದಲ್ಲಿ ಬರೆಯುವವರಿಗಿಂತ ಬರೆಯದವರಿಗೆ ಗುಂಪಿನಿಂದ ಸಿಕ್ಕ ತೃಪ್ತಿ ಕಡಿಮೆ, ಇದು ನಮ್ಮದೆಂಬ ಭಾವನೆಯೂ ಕಡಿಮೆ ಇತ್ತು. ಹಾಗಾದರೆ ಮಾತನಾಡಿಸಬೇಕು, ಆದರೆ ಎಲ್ಲಿ? ಇದಕ್ಕೆ ನಮ್ಮ ಕ್ಷೇತ್ರದ ಹಳೆಯ ಪ್ರಯೋಗವೊಂದು ನೆನಪಾಗುತ್ತದೆ. 1956ರಲ್ಲಿ ಪುಣೆಯ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ ಅಂದಿನ ಮುಂಬಯಿ ರಾಜ್ಯದ ಮರಾಠಿ ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ಕಟ್ಟಿತು. ಆ ವರ್ಷದ ನವೆಂಬರಿನವರೆಗೆ ನಮ್ಮ ಧಾರವಾಡ ಜಿಲ್ಲೆಯೂ ಅದೇ ರಾಜ್ಯದಲ್ಲಿತ್ತು, ಪ್ರಯೋಗ ಮಾತ್ರ ನಮ್ಮತ್ತ ಬರಲಿಲ್ಲ. ಪ್ರತಿ ಊರಲ್ಲಿ ಸುಮಾರು ಇಪ್ಪತ್ತು ಜನ ಕೂಡಿ ಅರ್ಧ ಗಂಟೆಯ ಕಾರ್ಯಕ್ರಮ ಕೇಳಿ, ಅಲ್ಲಿಯೇ ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಆಕಾಶವಾಣಿಗೆ ಬರೆದು ಕಳಿಸುತ್ತಿದ್ದರು. ಪಾಲ್ ನ್ಯೂರಾಥ್ ಎಂಬ ಸಮಾಜಶಾಸ್ತ್ರಜ್ಞರು ಪರಿಶೀಲಿಸಿದಾಗ, ಕೂಟವಿದ್ದ ಊರುಗಳಲ್ಲಿ ತಿಳಿವಳಿಕೆ ಎದ್ದುಕಾಣುವಷ್ಟು ಬೆಳೆದಿತ್ತು. ಕೂಟವಿಲ್ಲದ ಊರುಗಳಲ್ಲಿ, ರೇಡಿಯೋ ಇದ್ದರೂ, ಅಷ್ಟು ಬೆಳೆದಿರಲಿಲ್ಲ. ಆ ಜನ ರೇಡಿಯೋದ ಜೊತೆ ಮಾತನಾಡಲಿಲ್ಲ, ಗುರುತಿನ ಇಪ್ಪತ್ತು ಜನರ ಜೊತೆ ಮಾತನಾಡಿದರು. ನಿಮ್ಮ 612 ಜನರ ಗುಂಪು ಈಗ ಬಹುಮಟ್ಟಿಗೆ ರೇಡಿಯೋ ಆಗಿದೆ. ಅದು ರೇಡಿಯೋ ಆಗಿಯೇ ಇರಲಿ, ಊರೂರಿನಲ್ಲಿ ಕೂಟ ಬೇಕು.

ಆದ್ದರಿಂದ ನಿಮ್ಮ ಮುಂದಿರುವ ದಾರಿಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಹನ್ನೊಂದು ಊರುಗಳಿಗೆ ಹನ್ನೊಂದು ಚಿಕ್ಕ ಗುಂಪುಗಳು. ವಾಟ್ಸಾಪಿನಲ್ಲಿ ಕಮ್ಯುನಿಟಿ ಎಂಬ ಸೌಲಭ್ಯ 2022ರಿಂದ ಇದೆ, ಅದರಡಿ ಇವನ್ನೆಲ್ಲ ಜೋಡಿಸಬಹುದು. ಜೋಡಿಸದೆ ಬೇರೆಬೇರೆಯಾಗಿ ಇಟ್ಟರೂ ನಡೆಯುತ್ತದೆ. ಒಂದು ಊರಿಗೆ ಐವತ್ತರ ಮೇಲಾದರೆ ಓಣಿವಾರು ಒಡೆಯಿರಿ. ಪ್ರತಿ ಗುಂಪಿನಿಂದ ಒಬ್ಬರು ವಾರಕ್ಕೊಮ್ಮೆ ಅಲ್ಲಿಯ ಪ್ರಶ್ನೆಗಳನ್ನು ದೊಡ್ಡ ಗುಂಪಿಗೆ ತರಲಿ. ಅಪಾಯವೆಂದರೆ ಆ ಒಬ್ಬರು ಊರಿನ ಒಂದು ಪಾರ್ಟಿಯವರಾಗಿದ್ದರೆ ಇನ್ನೊಂದು ಪಾರ್ಟಿಯ ಪ್ರಶ್ನೆ ಮೇಲೆ ಬರುವುದಿಲ್ಲ. ಹಂಗಾಮಿಗೊಮ್ಮೆ ಬದಲಿಸಿ, ಸಾಧ್ಯವಿದ್ದ ಕಡೆ ಒಬ್ಬ ಹೆಣ್ಣುಮಗಳನ್ನೂ ಜೊತೆಗಿಡಿ.

ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕುವ ಸೌಲಭ್ಯ 2018ರಿಂದಲೂ ಇದೆ. ಗದ್ದಲ ಒಂದೇ ದಿನದಲ್ಲಿ ನಿಲ್ಲುತ್ತದೆ, ಪ್ರಶ್ನೆಗಳೂ ನಿಲ್ಲುತ್ತವೆ. ದರ ಪಟ್ಟಿಗೆ ಮಾತ್ರ ಅಂಥದೊಂದು ಗುಂಪಿರಲಿ. ತಿಂಗಳಿಗೊಂದು ಮೆಸೇಜಿನ ನಿಯಮದಿಂದ ನಿಮಗೆ ಸಿಗುವುದು ಐನೂರು 'ಓಕೆ', ಐನೂರು ಕೈಮುಗಿದ ಚಿತ್ರ. ಧ್ವನಿ ಸಂದೇಶಕ್ಕೆ ಒತ್ತು ಕೊಟ್ಟರೆ ಬರೆಯಲು ಬಾರದವರ ಬಾಯಿ ತೆರೆಯುತ್ತದೆ, ಆದರೆ ಒಂದು ನಿಮಿಷದ ಮಿತಿ ಇಲ್ಲದಿದ್ದರೆ ಪುರಾಣ ಶುರುವಾಗುತ್ತದೆ. ಪೋಲ್ ಹಾಕಬಹುದು, ಒತ್ತುವುದು ಸುಲಭ. ಯಾರು ಯಾವುದಕ್ಕೆ ಒತ್ತಿದರೆಂಬುದು ಎಲ್ಲರಿಗೂ ಕಾಣುವುದರಿಂದ ಔಷಧಿ ಫಲಿಸದವರು ಅಲ್ಲಿಯೂ ಹಿಂಜರಿಯಬಹುದು. ಅಂಥವರಿಗಾಗಿ, ನಿಮಗೆ ಖಾಸಗಿಯಾಗಿ ಕಳಿಸಿದ ಪ್ರಶ್ನೆಯನ್ನು ಹೆಸರಿಲ್ಲದೆ ನೀವೇ ಹಾಕುತ್ತೀರೆಂದು ತಿಳಿಸಿ. ಇದರ ಹೊಣೆ ನಿಮ್ಮ ಮೇಲೆ ಬೀಳುತ್ತದೆ, ಸುಳ್ಳು ಸುದ್ದಿಯೂ ಈ ದಾರಿಯಲ್ಲಿ ನುಸುಳಬಹುದು. ಕಳಿಸಿದವರು ಯಾರೆಂದು ಕನಿಷ್ಠ ನಿಮಗಾದರೂ ಗೊತ್ತಿರಬೇಕು.

ಇವೆಲ್ಲಕ್ಕೂ ಮೊದಲು ಎರಡು ಕೆಲಸ ಮಾಡಿ. ನಿಮ್ಮ ಮುಂದಿನ ಮೆಸೇಜ್ ಹಾಕಿ ಎರಡು ದಿನ ಬಿಟ್ಟು ಅದನ್ನು ಒತ್ತಿ ಹಿಡಿದು 'ಇನ್ಫೋ' ನೋಡಿ, ಎಷ್ಟು ಜನ ತೆರೆದಿದ್ದಾರೆಂಬ ಪಟ್ಟಿ ಸಿಗುತ್ತದೆ. ನೀಲಿ ಗುರುತು ಬಂದ್ ಮಾಡಿಕೊಂಡವರೂ ಗುಂಪಿನ ಮಟ್ಟಿಗೆ ಅದರಲ್ಲಿ ಕಾಣುತ್ತಾರೆ. ತೆರೆದವರೆಲ್ಲ ಗಮನವಿಟ್ಟು ಓದಿದ್ದಾರೆಂದಲ್ಲ, ಆದರೂ 24 ಎಂಬ ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಲು ಇದು ಬೇಕು. ಎರಡನೆಯದಾಗಿ, ಎಂದೂ ಬರೆಯದ ಹತ್ತು ಜನರಿಗೆ ಸಂಜೆ ಕರೆ ಮಾಡಿ. ಏಕೆ ಬರೆಯುವುದಿಲ್ಲ ಎಂದು ಕೇಳಬೇಡಿ, ಅದು ತಪ್ಪು ಹಿಡಿದಂತಾಗುತ್ತದೆ. ಈ ವರ್ಷ ಗುಂಪಿನಲ್ಲಿ ಓದಿದ್ದರಲ್ಲಿ ಯಾವುದನ್ನು ಹೊಲದಲ್ಲಿ ಮಾಡಿದಿರಿ, ಯಾವುದು ಫಲಿಸಲಿಲ್ಲ ಎಂದು ಕೇಳಿ. ಬಂದ ಉತ್ತರಗಳನ್ನು ಹೆಸರಿಲ್ಲದೆ ಗುಂಪಿನಲ್ಲಿ ಹಾಕಿದರೆ ನಿಮ್ಮ 24 ಜನರ ಸಿಟ್ಟು ಬಹುಪಾಲು ಇಳಿಯುತ್ತದೆ. ಹೇಳಿದ್ದು ಎಲ್ಲಿಗೋ ತಲುಪಿದೆ ಎಂದು ತಿಳಿಯುವುದೇ ಅವರಿಗೆ ಬೇಕಾಗಿರುವುದು, ಅದು ನ್ಯಾಯವೂ ಹೌದು.

ಆ 38 ಜನರ ವಿಷಯ. ಲಿಂಕ್ ಕಳಿಸಿ ಸುಮ್ಮನಾಗಬೇಡಿ. ಮನೆಗೆ ಬಂದಿದ್ದ ಇಬ್ಬರಲ್ಲಿಗೆ ನೀವೇ ಹೋಗಿ, ಉಳಿದವರಿಗೆ ಕರೆ ಮಾಡಿ, 'ನಿಮ್ಮದೇನೂ ತಪ್ಪಿಲ್ಲ, ಎಣಿಸುವುದರಲ್ಲಿ ನಾನು ಎಡವಿದೆ' ಎಂದಷ್ಟೇ ಹೇಳಿ ಮರಳಿ ಸೇರಿಸಿ. ಸೇರಿದ ಮೇಲೆ ಗುಂಪಿನಲ್ಲಿ ಹೆಸರು ಹಿಡಿದು ಸ್ವಾಗತ ಮಾಡಬೇಡಿ, ಉತ್ತರ ಬರೆಯಬೇಕಾದ ಸಂಕಟ ಅವರಿಗೆ ಬೇಡ. ಕೆಲವರು ಬೇಡವೆಂದರೆ ಒತ್ತಾಯಿಸದೆ, ಅವರ ಊರಿನ ಚಿಕ್ಕ ಗುಂಪು ಆದಾಗ ಇನ್ನೊಮ್ಮೆ ಕೇಳಿ.